ಬೆರಳಿನಿಂದ ಭೂಮಿ ಅಂಟಿಸುವ ವಾಲ್ಬುರ್ಗಾ

"ಅಮ್ಮಾ, ವಾಲ್ಬುರ್ಗಾ ಅಜ್ಜಿ ಭೂಮಿ ಮುಟ್ಟೋವಾಗ ಕಣ್ಣ್ ಯಾಕೆ ಮುಚ್ಕೊಳ್ತಾರೆ?"

ಐದು ವರ್ಷದ ಊರ್ಸೆಲ್ ಹೀಗೆ ಕೇಳಿದಾಗ ನಾನು ಮೂಲಂಗಿ ಹೆಚ್ಚುತ್ತಿದ್ದೆ. "ಅಭ್ಯಾಸ ಕಣೇ" ಅಂದುಬಿಟ್ಟೆ. ಅಂದ ಮೇಲೆ ನನಗೂ ಕುತೂಹಲ ಹತ್ತಿತು. ಎಷ್ಟೋ ಸಲ ನೋಡಿದ್ದೇನೆ, ಯಾಕೆಂದು ಒಮ್ಮೆಯೂ ಕೇಳಿಲ್ಲ.

ನ್ಯೂರೆಂಬರ್ಗಿನ ನಮ್ಮ ಬೀದಿಯಲ್ಲಿ ಭೂಗೋಳ ಮನೆಯಿಂದ ಮನೆಗೆ ತಿರುಗುತ್ತಾ ತಯಾರಾಗುತ್ತದೆ. ಯಜಮಾನ ಹೊಲ್ಫೆಲ್ಡರ್ ಅಚ್ಚು ಹಾಕಿಸಿದ ನಕ್ಷೆಯ ಹಾಳೆ ಮೊದಲು ನನ್ನ ಮನೆಗೆ ಬರುತ್ತದೆ. ಹೂವಿನ ಎಸಳಿನಂತೆ ಅದನ್ನು ಕತ್ತರಿಸುವುದು ನನ್ನ ಪಾಲು: ಭೂಮಿಯ ಮೇಲರ್ಧಕ್ಕೆ ಹನ್ನೆರಡು ಪಟ್ಟಿ, ಕೆಳಗರ್ಧಕ್ಕೆ ಹನ್ನೆರಡು. ಗಚ್ಚು ಬಳಿದ ಉಂಡೆಗೆ ಅವನ್ನು ಅಂಟಿಸುವವರು ಪಕ್ಕದ ಮನೆಯ ವಾಲ್ಬುರ್ಗಾ. ಒಣಗಿದ ಮೇಲೆ ಬಣ್ಣಕ್ಕೆಂದು ಮತ್ತೆ ನನ್ನ ಬಳಿಗೇ ಬರುತ್ತದೆ.

ವಾಲ್ಬುರ್ಗಾರಿಗೀಗ ಅರವತ್ತಾರು. ಹನ್ನೊಂದಕ್ಕೇ ತಾಯಿಯ ಪಕ್ಕ ಅಂಟಿನ ಗಂಜಿ ಕಲಕಲು ಕೂತವರು. "ನಾನು ಚಿಕ್ಕವಳಿದ್ದಾಗ, ಆ ದೊಡ್ಡ ಯುದ್ಧದ ಕಾಲದಲ್ಲಿ ಒಂದು ರಾಜ್ಯಕ್ಕೆ ಹಚ್ಚಿದ ಬಣ್ಣ ಒಣಗೋ ಮೊದ್ಲೇ ರಾಜ್ಯಾನೇ ಇರ್ತಿರ್ಲಿಲ್ಲ ಕಣೇ" ಅನ್ನುತ್ತಾರೆ. ಇಷ್ಟು ಭೂಮಿ ಮಾಡಿದವರು ಊರು ಬಿಟ್ಟು ಹೋದದ್ದು ಒಂದೇ ಸಲ, ರೈಲು ಬಂದ ವರ್ಷ, ಪಕ್ಕದ ಫ್ಯೂರ್ತ್‌ಗೆ. "ಅಲ್ಲೂ ಇದೇ ಸಾಸೇಜು" ಅಂತ ಸಂಜೆಯೊಳಗೆ ವಾಪಸ್ಸು.

ನೆನೆದ ಕಾಗದ ಹಿಗ್ಗುತ್ತದೆ. ಹೆಚ್ಚು ನೆನೆದರೆ ಕೊನೆಯ ಪಟ್ಟಿಗೆ ಜಾಗವೇ ಸಿಗದು. ಕಡಿಮೆಯಾದರೆ ಸಂದಿಯಲ್ಲಿ ಗಚ್ಚು ಹಲ್ಲು ಕಿರಿಯುತ್ತದೆ. ವಾಲ್ಬುರ್ಗಾ ಪಟ್ಟಿಯನ್ನು ಕೆನ್ನೆಗೆ ಒತ್ತಿ ಹದ ನೋಡುತ್ತಾರೆ. ಸಂಜೆ ಕೆನ್ನೆಯ ಮೇಲೆ ಯಾವುದೋ ಸಮುದ್ರದ ಶಾಯಿ.

ಮಂಗಳವಾರ ಅವರು ಅಂಟಿಸಿ ಕಳಿಸಿದ ಗೋಳವನ್ನು ಊರ್ಸೆಲ್ ತಿರುಗಿಸುತ್ತಿದ್ದಳು. ಅದರಲ್ಲಿ ಹಡಗುಗಳು ಹೋದ ದಾರಿಯನ್ನು ಚುಕ್ಕಿಯಲ್ಲಿ ತೋರಿಸಿರುತ್ತಾರೆ. ಚುಕ್ಕಿಯ ಜೊತೆ ಸಾಗುತ್ತಿದ್ದ ಅವಳ ಬೆರಳು ನಿಂತಿತು.

"ಅಮ್ಮಾ, ಹಡಗು ಮುಳುಗೋಯ್ತು! ಅಗೋ, ಅಲ್ಲೆದ್ದಿದೆ!"

ನೋಡಿದೆ. ದಕ್ಷಿಣದ ಕಡಲಲ್ಲಿ ನೆಲವೇ ಇಲ್ಲದ ಎರಡು ಪಟ್ಟಿಗಳು ಅದಲುಬದಲು. ಐವತ್ತೈದು ವರ್ಷ ಪಳಗಿದ ಕೈ! ಕಂಡೂ ಬಣ್ಣ ಹಚ್ಚಿದರೆ ನನ್ನ ಕೆಲಸವೂ ಹೋಗುತ್ತದೆ. ಯಜಮಾನರಿಗೆ ಹೇಳಿದರೆ ವಾಲ್ಬುರ್ಗಾರದು. ಗೋಳವನ್ನು ಶಾಲಿನಲ್ಲಿ ಸುತ್ತಿಕೊಂಡು ಪಕ್ಕದ ಮನೆ ಬಾಗಿಲು ಬಡಿದೆ.

"ಏನೇ, ಯಾವಾಗ ಹೆತ್ತೆ?" ಅಂದರು ನನ್ನ ತೋಳಲ್ಲಿದ್ದ ಗಂಟು ಸವರಿ.

"ನಿಮ್ಮ ಕೂಸೇ, ಅಜ್ಜಿ. ಎರಡು ಪಟ್ಟಿ ಜಾಗ ತಪ್ಪಿವೆ."

"ನಾನು ತಪ್ಪೋದಾ? ನೀನು ಹಚ್ಚೋ ನೀಲಿ ನೋಡಿದ್ರೆ ಮೀನಿಗೂ ನೆಗಡಿ ಬರುತ್ತೆ, ನಂಗೆ ಹೇಳೋಕೆ ಬಂದ್ಲು!"

ನಾನು ಅವರ ಬೆರಳು ಹಿಡಿದು ಚುಕ್ಕಿ ಮುರಿದ ಜಾಗದ ಮೇಲಿಟ್ಟೆ. ಬೆರಳು ಅತ್ತಿತ್ತ ಓಡಾಡಿತು.

"ಸಂದಿ ಸರಿಯಾಗೇ ಇದೆಯಲ್ಲೇ" ಅಂದರು ಮೆಲ್ಲಗೆ.

"ಸಂದಿ ಸರಿಯಿದೆ ಅಜ್ಜಿ. ಚುಕ್ಕಿ?"

ಅವರು ಬೆರಳನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ ಅಂದರು: "ಚಳಿಗಾಲದಿಂದ ಅಚ್ಚು ಕಾಣ್ತಿಲ್ಲ. ದೊಡ್ಡ ನೆಲ ಕಪ್ಪಗೆ ತೋರುತ್ತೆ, ಅದರ ಗುರುತಲ್ಲಿ ಅಂಟಿಸ್ತೀನಿ. ಬರೀ ನೀರಿನ ಪಟ್ಟಿ ಎಲ್ಲಾ ಒಂದೇ ಥರ. ಅರೆಬರೆ ಕಂಡು ಗಾಬರಿ ಆಗೋದಕ್ಕಿಂತ ಕಣ್ಣು ಮುಚ್ಚಿದ್ರೇ ಕೈಗೆ ನೆಮ್ಮದಿ."

ಊರ್ಸೆಲ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೊಲ್ಫೆಲ್ಡರ್ ಕೆಟ್ಟವರಲ್ಲ, ಆದರೆ ಕಣ್ಣಿಲ್ಲದವರಿಗೆ ಪಟ್ಟಿ ಕಳಿಸುವವರೂ ಅಲ್ಲ. ಅಂಟಿನ ಬಟ್ಟಲು ಹೋದರೆ ಈಕೆಗೆ ಉಳಿಯುವುದು ದಿಕ್ಕಿಲ್ಲದ ಮುದುಕರ ಆಶ್ರಮದ ಬೆಂಚು.

ಕೆಟಲಿನ ಹಬೆ ಹಿಡಿದು ಪಟ್ಟಿಗಳನ್ನು ಎಬ್ಬಿಸಿದೆವು. ಯಾವುದು ಎಲ್ಲಿಗೆ ಅಂತ ನಾನು ಹೇಳಿದೆ; ಅವರು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಕೂದಲೆಳೆಯಷ್ಟೂ ಸಂದಿ ಬಿಡದೆ ಕೂರಿಸಿದರು. ಈ ಬೀದಿಯಲ್ಲಿ ಇನ್ಯಾರ ಕೈಗೂ ಅದು ಬರದು.

ಹೊರಡುವಾಗ ಸೆರಗು ಹಿಡಿದ ಮಗುವಿನಂತೆ ನನ್ನ ಶಾಲಿನ ತುದಿ ಹಿಡಿದರು.

"ಕತ್ತರಿಸೋವಾಗ ಪಟ್ಟಿ ಅಂಚಿಗೆ ಸೂಜಿ ಚುಚ್ಚಿ ಕೊಡ್ತೀಯೇನೇ? ಮೊದಲ್ನೇದಕ್ಕೆ ಒಂದು ತೂತು, ಎರಡನೇದಕ್ಕೆ ಎರಡು, ಹಾಗೇ ಹನ್ನೆರಡರವರೆಗೂ, ಬೆರಳಲ್ಲೇ ಎಣಿಸ್ಕೊಳ್ತೀನಿ. ಆ ಅಂಚು ಪಕ್ಕದ ಪಟ್ಟಿ ಅಡಿಗೆ ಹೋಗುತ್ತೆ, ಯಾರ ಕಣ್ಣಿಗೂ ಬೀಳಲ್ಲ."