ಕೈ ನೋಡಿ ಹೇಳಿದ ಉತ್ತರಗಳು

ಪದದ ಕೊನೆಯ ಸದ್ದನ್ನು ಮಕ್ಕಳು ಗುರುತಿಸುವಂತೆ ಮಾಡುವುದು ಆ ವರ್ಷ ನನಗೆ ಒಪ್ಪಿಸಿದ ಕೆಲಸವಾಗಿತ್ತು. ಕಾಗವಾಡ ಸೀಮೆಯಲ್ಲಿ, ಕಬ್ಬಿನ ಹೊಲಗಳ ನಡುವಿನ ಒಂದು ಬಾಲವಾಡಿ; ನಾಲ್ಕೈದು ವರ್ಷದ ಇಪ್ಪತ್ತು ಮಕ್ಕಳು. ‘ಬಸ್’ ಎಂದರೆ ಕೊನೆಗೆ ಏನು ಕೇಳುತ್ತದೆ? ‘ಸ್’. ‘ಕಪ್’ ಎಂದರೆ? ‘ಪ್’. ಅಕ್ಷರ ಬೇಡ, ಪಾಟಿ ಬೇಡ, ಕಿವಿಯೊಂದಿದ್ದರೆ ಸಾಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಮ್ಮ ಭಾಗದ ಮಕ್ಕಳಿಗೆ ಇದು ಸುಲಭವೂ ಹೌದು. ಪುಸ್ತಕದ ‘ಹಾಲು’, ‘ಬಾಗಿಲು’ ಅವರ ಬಾಯಲ್ಲಿ ‘ಹಾಲ್’, ‘ಬಾಗಲ್’ ಆಗಿಯೇ ಬರುತ್ತವೆ.

ಆದರೆ ನನಗೆ ತಾಳ್ಮೆ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿದ್ದಾಗ ಬಡ ಮಕ್ಕಳ ಶಾಲೆಗಳ ದುಃಸ್ಥಿತಿಗೆ ಹೊಣೆ ಯಾರೆಂದು ವೇದಿಕೆ ಹತ್ತಿ ಕೇಳಿದವಳು ನಾನು. ನನ್ನ ಮಕ್ಕಳು ಎಲ್ಲರಿಗಿಂತ ಮೊದಲು ಕಲಿಯಬೇಕಿತ್ತು. ಒಂದೊಂದು ಸದ್ದಿಗೆ ಒಂದೊಂದು ಸನ್ನೆ ಕಟ್ಟಿದೆ. ‘ಪ್’ಗೆ ತುಟಿಯ ಮೇಲೆ ಬೆರಳು, ‘ಸ್’ಗೆ ಹಾವಿನಂತೆ ಹರಿಯುವ ಅಂಗೈ, ‘ಲ್’ಗೆ ಮೂಗಿನ ತುದಿ. ಪದ ಮುಗಿಯುವ ಮೊದಲೇ ನನ್ನ ಕೈ ಏಳುತ್ತಿತ್ತು, ಇಪ್ಪತ್ತು ಬಾಯಿಗಳು ಒಟ್ಟಿಗೆ ಕೂಗುತ್ತಿದ್ದವು.

ಅಡುಗೆ ಮಾಡುವ ಆಯಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. “ಅಕ್ಕೋರ, ನೀವು ಸಾಲ್ಯಾಗಲ್ಲ, ಮದವ್ಯಾಗ ಬ್ಯಾಂಡಿನವರ ಮುಂದ ನಿಂದ್ರಬೇಕಾಗಿತ್ತ್ ನೋಡ್ರಿ!”

ಮುಂದಿನ ಸಾಲಿನ ಒಬ್ಬ ಹುಡುಗಿ ಎಲ್ಲರಿಗಿಂತ ಚುರುಕು. ಅವಳ ಕಣ್ಣು ನನ್ನ ಮೇಲಿಂದ ಕದಲುತ್ತಿರಲಿಲ್ಲ. ಎಂಥ ಏಕಾಗ್ರತೆ ಎಂದು ಹೆಮ್ಮೆಪಟ್ಟಿದ್ದೆ. ಅವಳ ತಾಯಿ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವಳು. ಒಂದು ಬೆಳಿಗ್ಗೆ ಮಗಳನ್ನು ಬಿಡಲು ಬಂದವಳು ಹಿಂಜರಿಯುತ್ತಲೇ ಕೇಳಿದಳು.

“ಅಕ್ಕೋರ, ಇಕಿ ಮನ್ಯಾಗ ಎಷ್ಟ್ ಒದರಿದ್ರೂ ಹೊಳ್ಳಿ ನೋಡಂಗಿಲ್ರಿ. ಕಿವಿ ಏನರ ಮಂದ ಅದಾವೇನ್ರಿ?”

“ಛೇ, ಏನಿಲ್ರಿ. ನನ್ನ ಹಂತ್ಯಾಕ ಎಲ್ಲಾ ಸದ್ದೂ ಗುರ್ತ ಹಿಡೀತಾಳ. ನಿಮ್ಮ ಮುಂದ ಹಟಾ ಮಾಡ್ತಾಳ, ಅಷ್ಟ.”

“ಹಂಗಾದ್ರ ಸೊಕ್ಕ್ ಅನ್ರಿ! ತಡೀರಿ, ಇಳಸ್ತೀನಿ.” ಹಗುರಾಗಿ ಮಗಳ ತಲೆಗೊಂದು ಮೊಟಕಿ ಹೊರಟಳು. ನಾನೂ ನಕ್ಕೆ.

ಕೆಲವು ವಾರಗಳ ನಂತರ ಬಿಸಿ ಚಹಾ ಚೆಲ್ಲಿ ನನ್ನ ಬಲಗೈ ಸುಟ್ಟಿತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಪಾಠ ಮಾಡಿದೆ. ಉಳಿದ ಮಕ್ಕಳು ತಡವರಿಸಿದರೂ ಉತ್ತರ ಕೊಟ್ಟರು. ಆ ಹುಡುಗಿ ಮಾತ್ರ ನನ್ನ ಮುಖ ಹುಡುಕಿದಳು, ಮಡಿಲು ಹುಡುಕಿದಳು, ಆಮೇಲೆ ಪಕ್ಕದವಳ ಬಾಯಿ ನೋಡಿ, ಅವಳಿಗಿಂತ ತುಸು ತಡವಾಗಿ ಉತ್ತರ ಹೇಳಿದಳು. ಎದ್ದು ಮಕ್ಕಳ ಹಿಂದೆ ಹೋಗಿ ಸ್ಟೀಲ್ ತಾಟಿಗೆ ಚಮಚ ಬಡಿದೆ. ಎಲ್ಲರೂ ತಿರುಗಿದರು. ಎಲ್ಲರೂ ತಿರುಗಿದ್ದನ್ನು ಕಂಡು ಅವಳು ತಿರುಗಿದಳು.

ಮರುದಿನವೇ ಮೇಲ್ವಿಚಾರಕಿಯ ತಪಾಸಣೆ. ಆ ದಿನ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ: ಎಡಗೈಯಿಂದ ಸನ್ನೆ ಮಾಡಿದೆ. ಇಪ್ಪತ್ತು ಬಾಯಿಗಳು ಒಟ್ಟಿಗೆ ಕೂಗಿದವು.

“ಭಾಳ ಛಲೋ ತಯಾರ ಮಾಡೀರಿ,” ಎಂದರು ಮೇಲ್ವಿಚಾರಕಿ. ತಪಾಸಣೆಯ ನಮೂನೆಯಲ್ಲಿ ಆ ಹುಡುಗಿಯ ಹೆಸರಿನ ಮುಂದೆಯೂ ‘ಗುರುತಿಸುತ್ತಾಳೆ’ ಎಂದು ನಾನೇ ಗುರುತು ಹಾಕಿದೆ.

ವ್ಯವಸ್ಥೆಯನ್ನು ದೂರಲು ಕಾರಣಗಳಿಲ್ಲವೆಂದಲ್ಲ. ಕಿವಿಯ ಪಾಠ ಕಲಿಸಿದ ತರಬೇತಿ, ಮೊದಲು ಕಿವಿ ಪರೀಕ್ಷಿಸಿ ಎಂದು ಹೇಳಲಿಲ್ಲ. ಒಂದೊಂದು ಮಗುವನ್ನೂ ಬೇರೆಯಾಗಿ ಕೇಳಲು ತಪಾಸಣೆಗೆ ಪುರಸೊತ್ತಿರಲಿಲ್ಲ. ಇಲಾಖೆಯವರಿಂದ ಉತ್ತರ ಕೇಳಲೇಬೇಕು, ಕೇಳುತ್ತೇನೆ. ಆದರೆ ಅವರಾರಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಂದು ವಾರ ಬಿಟ್ಟು ತಾಯಿಗೆ ಹೇಳಿದರಾಯಿತು ಎಂದುಕೊಂಡೆ. ಆ ವಾರ ಎರಡು ತಿಂಗಳಾಯಿತು.

ಕೊನೆಗೆ ನನ್ನ ಬಾಯಿ ಬಿಡಿಸಿದ್ದು ಹುಡುಗಿಯ ತೋಳಿನ ಮೇಲಿನ ಬಾಸುಂಡೆ. ಸಂಜೆ ಅವರ ಮನೆಗೆ ಹೋದೆ. ತಾಯಿ ಹೊಸ್ತಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟಳು.

“ಹಟಾ ಅಂದಿದ್ರೆಲ್ರಿ ನೀವು. ಆವಾಗ ಗೊತ್ತಿತ್ತೇನ್ರಿ?”

“ಆವಾಗ ಗೊತ್ತಿರ್ಲಿಲ್ರಿ. ಆಮ್ಯಾಲ ಗೊತ್ತಾತು. ಹೇಳ್ಲಿಲ್ಲ.”

“ಕರದ್ರ ಬರವಲ್ಳು ಅಂತ ಬಡದ್ನಿರಿ ನಾ. ನಿಮ್ಮ ಮಾತ್ ಕೇಳಿ ಬಡದ್ನಿ.”

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು. “ಅದನ್ನ ಇಟ್ಕೊಂಡು ಏನ್ ಮಾಡ್ಲಿ? ದವಾಖಾನಿ ಯಾವಾಗ, ಅದನ್ನ ಹೇಳ್ರಿ.”

ಎರಡೂ ಕಿವಿ ಮಂದವೆಂದು ಅಥಣಿಯ ವೈದ್ಯರು ಹೇಳಿದರು. ಮೊದಲೇ ಕರೆತಂದಿದ್ದರೆ ಮಾತು ಇನ್ನಷ್ಟು ತಿದ್ದಬಹುದಿತ್ತು, ಇಷ್ಟು ದಿನ ಯಾರ ಲಕ್ಷ್ಯಕ್ಕೂ ಬರಲಿಲ್ಲವೇ ಎಂದು ತಾಯಿಯನ್ನು ಗದರಿದರು. ಅವಳು ನನ್ನತ್ತ ಕೈ ತೋರಲಿಲ್ಲ. “ಬಂದಿತ್ತು, ಡಾಕ್ಟರೇ. ಅಕಿ ಕೇಳಿದ್ಳು. ನಾನಽ ಇಲ್ಲ ಅಂದೆ,” ಎಂದು ನಾನೇ ಹೇಳಿದೆ.

ನಮೂನೆ ತಿದ್ದಿಸಲು ಹೋದಾಗ ಮೇಲ್ವಿಚಾರಕಿ ಸಿಡುಕಿದರು: “ಆಗಿದ್ದ ಆಗಿ ಹೋತು, ಈಗ್ಯಾಕ ಬೇಕ್ರಿ ಈ ಉಸಾಬರಿ?” ಬರೆದು ಕೊಟ್ಟೇ ಬಂದೆ.

ಈಗ ಹುಡುಗಿಯ ಕಿವಿಗಳಲ್ಲಿ ಪುಟ್ಟ ಯಂತ್ರಗಳಿವೆ. ತಾಯಿ ದಿನವೂ ಅವಳನ್ನು ಕರೆತರುತ್ತಾಳೆ. ಹತ್ತಿರದಲ್ಲಿ ಬೇರೆ ಬಾಲವಾಡಿ ಇಲ್ಲ. ಯಂತ್ರ ಹಾಕಿಸಿಕೊಂಡು ಬಂದ ಮೊದಲ ದಿನ ನಾನು ಎದ್ದು ಹೋಗಿ, ಮಗಳು ಇನ್ನು ಹೇಗೆ ಕಲಿಯುತ್ತಾಳೆಂದು ಹೇಳಲು ಶುರು ಮಾಡಿದೆ.

“ನೀವು ಹೇಳೂದು ಬ್ಯಾಡ್ರಿ ಅಕ್ಕೋರ,” ಎಂದಳು. “ನಾ ಕುಂತ್ ನೋಡ್ತೀನಿ.”

ಗೋಡೆಗೆ ಒರಗಿ ಕುಳಿತಳು. ನಾನು ಪಾಠ ಶುರು ಮಾಡಿದೆ.