ಉತ್ತರ ತರೀಕೆರೆಗೆ ಬರೆಯಿರಿ

ಜಗತ್ತಿನ ಸಮಸ್ತ ಇಮೇಲ್ ತಂತ್ರಾಂಶ ನಿರ್ಮಾಪಕ ಮಹಾಶಯರೇ, ದಯವಿಟ್ಟು ಆಸೀನರಾಗಿ.

ಕಳಿಸಿದವರ ವಿಳಾಸ ಒಂದು, ಉತ್ತರ ಬೇಡಿದ ವಿಳಾಸ ಇನ್ನೊಂದು ಇರಬಹುದು. ಎರಡನೆಯದು ಇದ್ದರೆ ರಿಪ್ಲೈ ಅಲ್ಲಿಗೇ ಹೋಗಬೇಕು. ನಿಮ್ಮ ಸ್ವಂತ ಬುದ್ಧಿ ಬೇಡ.

ಯಾಕೆಂದರೆ...

ಎಪ್ಪತ್ತರ ದಶಕದ ಕೊನೆ. ಅಜ್ಜಂಪುರದಲ್ಲಿ ನಮ್ಮಮ್ಮನನ್ನು ನೋಡಲು ಕಡೂರಿನಿಂದ ಒಬ್ಬ ಹುಡುಗ ಬಂದು, ಉಪ್ಪಿಟ್ಟು ತಿಂದು, ತಲೆ ತಗ್ಗಿಸಿಕೊಂಡೇ ಹೋಗಿದ್ದ.

ಅಮ್ಮನಿಗೆ ಹಿಡಿಸಿದ್ದ. ಆದರೆ ಮದುವೆಯಾದ ಮೇಲೆ ಟೀಚರ್ ಟ್ರೈನಿಂಗ್ ಮುಗಿಸಲು ಬಿಡುತ್ತಾನೋ ಇಲ್ಲವೋ, ಅದು ಗೊತ್ತಾಗಬೇಕಿತ್ತು.

ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಅವನನ್ನೇ ಕೇಳಿದಳು. ಹಿಂಬದಿಯಲ್ಲಿ ಪದ್ಧತಿಯಂತೆ ಮನೆಯ ವಿಳಾಸ. ಒಳಗೆ ಕೊನೆಯ ಸಾಲು ಮಾತ್ರ ಬೇರೆ: ಉತ್ತರವನ್ನು ತರೀಕೆರೆಯ ನನ್ನ ಗೆಳತಿಯ ಮನೆಗೆ ಬರೆಯಿರಿ.

ತರೀಕೆರೆಗೆ ಅಮ್ಮ ಹೊಲಿಗೆ ಕ್ಲಾಸಿಗೆಂದು ಬಸ್ಸಿನಲ್ಲಿ ಹೋಗುತ್ತಿದ್ದಳು.

ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಈಗ ಅದು ನನ್ನ ಕನಸೂ ಹೌದು. ನಾನಿನ್ನೂ ಹುಟ್ಟಿಲ್ಲ, ಆದರೂ ಆ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ನನ್ನದೇ.

ಕಿಟಕಿಯಾಚೆ ಈರುಳ್ಳಿ ಹೊಲಗಳು ತೇಲಿಹೋಗುತ್ತವೆ. ಅವಳ ತುಟಿ ಮೆಲ್ಲಗೆ ಅಲುಗುತ್ತದೆ... ಯಾವುದೋ ಕರಿಹಲಗೆಯ ಮುಂದೆ ನಿಂತು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾಳೆ.

ಬಸ್ಸು ಹೋಗಿತ್ತು, ಬಸ್ಸು ಬಂದಿತ್ತು;
ಉತ್ತರ ಮಾತ್ರ ಎಲ್ಲೋ ನಿಂದಿತ್ತು.

ಕೊನೆಗೆ ಬಂತು. ಅಜ್ಜಂಪುರಕ್ಕೆ. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಕೊಂಡು, ಅಜ್ಜನ ಹೆಸರಿಗೆ!

ಹೆಣ್ಣು ಬರೆದರೂ ಹೆಣ್ಣಿನ ತಂದೆಗೇ ಉತ್ತರ ಬರೆಯುವುದು ಆಗಿನ ಮರ್ಯಾದೆ. ಹುಡುಗ ಬಲು ಮರ್ಯಾದಸ್ಥ. "ತಮ್ಮ ಮಗಳು ಕೇಳಿರುವಂತೆ ಧಾರಾಳವಾಗಿ ಓದಲಿ" ಎಂದು ಬರೆದಿದ್ದ.

"ಏನವ್ವಾ, ನೀನೇ ಕಾಗ್ದ ಬರ್ದಿದ್ದಾ?" ಎಂದ ಅಜ್ಜ.

"ಅವ್ರು ಒಪ್ಕೊಂಡಿದಾರಲ್ಲಪ್ಪಾ..."

"ಒಪ್ಕೊಂಡಿದ್ದು ಅವ್ರು ಕಣವ್ವ. ನನ್ನ ದಾಟ್ಕೊಂಡು ಕೇಳಿದ್ದು ನೀನು."

"ಓದ್ಲಿ ಅಂತ ಅವನೇ ಅಂದಿರೋವಾಗ ನೀವ್ಯಾಕ್ರೀ ಉರೀತೀರಾ?" ಅಜ್ಜಿ ಒಳಗಿನಿಂದಲೇ ಕೂಗಿದಳು.

ಉರಿ ಆರಲಿಲ್ಲ. ಸಂಬಂಧ ಮುರಿಯಿತು, ಟ್ರೈನಿಂಗೂ ನಿಂತಿತು. ಅಮ್ಮ ಟೀಚರ್ ಆಗಲಿಲ್ಲ.

ಆದ್ದರಿಂದ ಮಹಾಶಯರೇ, ಯಂತ್ರಕ್ಕೆ ಮರ್ಯಾದೆ ಬೇಡ. ಹೇಳಿದ ವಿಳಾಸಕ್ಕೆ ಹೋದರೆ ಸಾಕು, ಅದೇ...

ಭಾಷಣ ಬಿಡಿ. ಮರುವರ್ಷ ಅಮ್ಮ ಮದುವೆಯಾದದ್ದು ಬೇರೆಯವರನ್ನು, ನನ್ನಪ್ಪನನ್ನು.

ಆ ಉತ್ತರ ತರೀಕೆರೆಗೇ ಹೋಗಬೇಕಿತ್ತು ಎಂದು ಅಮ್ಮನೆದುರು ಪ್ರತಿ ಸಲವೂ ಹೇಳುತ್ತೇನೆ. ಮನಸಾರೆ ಒಮ್ಮೆಯೂ ಹೇಳಿಲ್ಲ, ಹೋಗಿದ್ದರೆ ನಾನೇ ಇಲ್ಲ.