ಭಾಲ್ಕಿ ನಾಕೆಗೆ ಬಂದ ಮುಖದ ತಾಟು

ಮೊದಲ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ನಾನು ನಿಜಾಮ ಸರ್ಕಾರದ ಕರೋಡಗಿರಿ ಇಲಾಖೆಯಲ್ಲಿ ಭಾಲ್ಕಿ ನಾಕೆಯ, ಅಂದರೆ ಸುಂಕದ ಕಟ್ಟೆಯ, ಅಮೀನನಾಗಿದ್ದೆ. ಕರೋಡಗಿರಿ ಎಂದರೆ ಈಗಿನವರು ಹೇಳುವ ಕಸ್ಟಮ್ಸ್. ಇಂಗ್ಲಿಷರ ಮುಲುಕಿನಿಂದ ಬರುವ ಗಂಟು ಬಿಚ್ಚಿಸಿ, ಒಳಗಿನದು ಇಂಥದ್ದು ಎಂದು ಬರೆದು ಮುಂದಕ್ಕೆ ಬಿಡುವುದು ನನ್ನ ಕೆಲಸ. ಏನೇ ಬರಲಿ, ನೋಡಿದೊಡನೆ ಹೆಸರು ಹೇಳುತ್ತೇನೆಂಬ ಜಂಬ ನನಗಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ಸೊಲ್ಲಾಪುರದ ಕಡೆಯ ಬಂಡಿಯಿಂದ ಮೆಹಬೂಬ ಎಂಬವನು ಇಳಿದ. ಸಾಯಗಾಂವದವನು, ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಅವನ ಕೌದಿ ಬಿಚ್ಚಿದರೆ ತೋಳುದ್ದದ ಒಂದು ಕಟ್ಟಿಗೆ ಸಾಮಾನು. ನಡುವೆ ತಗ್ಗು, ಒಂದು ತುದಿಗೆ ಮೊಣಕಾಲಿಗೆ ಮೊಣಕೈ ಊರಿ ಕೂತ ಮನುಷ್ಯನ ಕೆತ್ತನೆ. ಕೆತ್ತಿದ ಗೀರುಗಳಲ್ಲೆಲ್ಲ ಬಿಳಿ, ಕೆಂಪು.

ನಮ್ಮ ಜಮಾದಾರ ಶರಣಪ್ಪ ತಟ್ಟನೆ ಚಪ್ಪಲಿ ಕಳಚಿದ.

"ಯಪ್ಪಾ, ಪೂಜಿ ಆಗೇದರಿ ಇದಕ್ಕ! ಇಭೂತಿ, ಕುಂಕುಮ ಎಲ್ಲಾ ಅದ!"

ನನಗೆ ಅನುಮಾನ ಹುಟ್ಟಿತು. ಔರಾದ ಕಡೆಯ ಗುಡಿಯೊಂದರ ಕಟ್ಟಿಗೆ ಮೂರ್ತಿ ಕಳುವಾದ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು.

"ಇದು ದೇವರಲ್ರಿ ಸಾಹೇಬ್ರ," ಎಂದ ಮೆಹಬೂಬ. "ಊಟದ ತಾಟ ಅದ. ಮತ್ತ… ನನ್ನ ತಮ್ಮ ಅದಾನ್ರಿ. ರಹೀಂ."

"ತಲಿ ನೆಟ್ಟಗ ಅದ ಏನಪಾ? ತಾಟೋ, ತಮ್ಮನೋ, ಒಂದ ಹೇಳು!" ಎಂದೆ.

ಅವನು ಹೇಳಿದ್ದಿಷ್ಟು. ಅಣ್ಣತಮ್ಮ ಇಬ್ಬರೂ ಡಚ್ಚರ ಹಡಗಿನಲ್ಲಿ ದೂರದ ಒಂದು ದ್ವೀಪಕ್ಕೆ ಹೋಗಿದ್ದರು. ರಹೀಂ ಅಲ್ಲಿ ಜ್ವರದಿಂದ ತೀರಿಕೊಂಡ. ಅಲ್ಲಿಯ ಜನ ಸತ್ತವರ ಹೆಸರಿನಲ್ಲಿ ತಾಟು ಕೆತ್ತುತ್ತಾರಂತೆ. ಕೆತ್ತಿದ ಮೇಲೆ ಆ ತಾಟಿಗೂ ಅದೇ ಹೆಸರು. ರಹೀಂನ ಗೆಳೆತನ ಮಾಡಿದ್ದ ಅಲ್ಲಿಯವನೊಬ್ಬ ಇದನ್ನು ಕೆತ್ತಿ, ಗೀರುಗಳಿಗೆ ಸುಣ್ಣ, ಕೆಮ್ಮಣ್ಣು ತುಂಬಿ ಕೊಟ್ಟಿದ್ದ. ಆ ಜನರಿಗೆ ಅಸ್ಮತ್ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ನನಗೋ ತಲೆ ಕೆಟ್ಟು ಹೋಯಿತು. ನಂಬಿದರೆ ಕಳ್ಳನನ್ನು ಬಿಟ್ಟಂತಾದೀತು. ನಂಬದೆ ಬೀದರಿಗೆ ಕಳಿಸಿದರೆ ಸಾಮಾನು ಅಲ್ಲಿಯ ಉಗ್ರಾಣ ಸೇರುತ್ತದೆ, ಮತ್ತೆ ಯಾವಾಗ ಹೊರಬರುತ್ತದೋ ದೇವರೇ ಬಲ್ಲ.

"ಅಮ್ಮಾಗ ವಯಸ್ಸಾಗೇದ್ರಿ," ಎಂದು ಅವನು ಕೈ ಮುಗಿದ. "ಅಕಿಗಿ ಕೊಡಾಕ ಮಗಂದು ಇದೊಂದೇ ಅದ. ನಮ್ಮಾಗ ಮೂರ್ತಿ ಇಡಂಗಿಲ್ರಿ. ಮುಖ ಅದ ಅಂತ ಮನ್ಯಾಗ ಇಟ್ಕೋತಾಳೋ ಇಲ್ಲೋ, ಅದೂ ಗೊತ್ತಿಲ್ರಿ."

ಕೊನೆಗೆ ತಾಯಿಯನ್ನೇ ಕೇಳೋಣವೆಂದು ಶರಣಪ್ಪನನ್ನೂ ಕರೆದುಕೊಂಡು ಅದೇ ಬಂಡಿಯಲ್ಲಿ ಸಾಯಗಾಂವಕ್ಕೆ ಹೊರಟೆ. ದಾರಿಯುದ್ದಕ್ಕೂ ಶರಣಪ್ಪ ಅದರ ಕಡೆ ಕಾಲು ಚಾಚಲಿಲ್ಲ.

ಮುದುಕಿಗೆ ಕಣ್ಣು ಮಂಜಾಗಿತ್ತು. ಮಗ ಹೇಳಿದ್ದನ್ನೆಲ್ಲ ಕೇಳಿ ಅತ್ತಳು. ಆಮೇಲೆ ಆ ಮುಖವನ್ನು ಬೆರಳಿನಿಂದ ಸವರಿ, "ರಹೀಂನ ಮೂಗು ಹಿಂಗ ಇರ್ಲಿಲ್ಲ," ಎಂದಳು.

ಅಯ್ಯೋ! ಹಾಗಾದರೆ ಇವನು ಹೇಳಿದ್ದು ಸುಳ್ಳೇ? ಮೆಹಬೂಬನ ಮುಖ ಬಿಳಿಚಿಕೊಂಡಿತು.

"ಇದರಾಗ ಏನ್ ಮಾಡ್ತಾರ?" ಮುದುಕಿ ಕೇಳಿದಳು.

"ಎಲ್ಲಾರೂ ಕೂಡಿ ಉಣ್ತಾರ, ಅಮ್ಮಾ. ಸತ್ತಾಂವನ್ನೂ ಕೂಡಿಸ್ಕೊಂಡು."

ಅವಳು ಸೊಸೆಯನ್ನು ಕರೆದು ಜೋಳದ ರೊಟ್ಟಿ, ಬ್ಯಾಳಿ ತರಿಸಿದಳು. ರೊಟ್ಟಿ ಮುರಿದು ತಾಟಿಗೆ ಹಾಕಿ, ಮೊದಲ ತುಂಡನ್ನು ಆ ಮುಖದ ಬುಡಕ್ಕೆ ಸರಿಸಿದಳು. "ಉಣ್ಣು, ಬೇಟಾ." ಆಮೇಲೆ ನಮ್ಮ ಕಡೆ ತಿರುಗಿ, "ನೀವೂ ಕೈ ಹಾಕ್ರಿ," ಎಂದಳು.

ಪರಜಾತಿಯವರ ಮನೆಯಲ್ಲಿ ನಾನು ನೀರು ಸಹ ಮುಟ್ಟಿದವನಲ್ಲ. ಅಂದು ಒಂದು ತುಂಡು ತೆಗೆದುಕೊಂಡು ತಿಂದೆ. ಶರಣಪ್ಪ ತನ್ನ ತುಂಡನ್ನು ಕಣ್ಣಿಗೊತ್ತಿಕೊಂಡು ತಿಂದ. ಅವನ ಪಾಲಿಗೆ ಅದು ಇನ್ನೂ ದೇವರೇ.

ಸಾಮಾನು ಏನು ಎಂದು ಕೇಳುವ ಮುಂಚೆ ಅದರಿಂದ ಏನು ಮಾಡುತ್ತಾರೆಂದು ಕೇಳಬೇಕು. ನೌಕರಿಯಲ್ಲಿ ನಾನು ಕಲಿತದ್ದು ಇದು, ಕಲಿಸಿದವಳು ಆ ಮುದುಕಿ.

ಹೊರಡುವಾಗ, "ತಾಟ ಅಂತ ಬರೀತೇನ್ರಿ ಅಮ್ಮಾ," ಎಂದೆ.

"ಬರೀರಿ. ಅವನ ಹೆಸರೂ ಬರೀರಿ."

ನಾಕೆಯ ಪುಸ್ತಕದಲ್ಲಿ ಹಾಗೆಯೇ ಬರೆದೆ. ಮುಂದೆ ಬೀದರಿನಿಂದ ತಪಾಸಣೆಗೆ ಬಂದ ಮೇಲಿನ ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಈ ರಹೀಂ ಯಾರು? ಮಾಲಿನ ಧಣೀನಾ?"

"ಅಲ್ರಿ ಸಾಹೇಬ್ರ," ಎಂದೆ. "ತಾಟ."